ಸಿಗಾರ್ ಸರಿಯಾಗಿ ಎಳೆಯದಿದ್ದಾಗ: ಸುತ್ತಿನ ದೋಷವನ್ನು ಪತ್ತೆಹಚ್ಚುವ ಕ್ರಮ

ಕೈಯಿಂದ ಸುತ್ತಿದ, ಬೆಲೆಬಾಳುವ ಸಿಗಾರೊಂದು ಕಹಿಯಾಗಿತ್ತು, ನಾಲಿಗೆ ಸುಟ್ಟಿತು, ಅರ್ಧದಲ್ಲೇ ಆರಿಹೋಯಿತು ಎಂದು ಯಾರಾದರೂ ಹೇಳಿದರೆ, ಆ ತಂಬಾಕು ಯಾವ ಊರಿನದು ಎಂದು ವಿಚಾರಿಸುವ ಮೊದಲು ಎಳೆತ ಹೇಗಿತ್ತು ಎಂದು ನಾನು ಕೇಳುತ್ತೇನೆ. ಹಲವು ವರ್ಷಗಳ ಅನುಭವದಲ್ಲಿ ನನಗೆ ಮನವರಿಕೆಯಾಗಿರುವ ಸಂಗತಿಯೆಂದರೆ, ರುಚಿಯ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ನಿಜವಾಗಿ ಗಾಳಿಯ ಬಗೆಗಿನ ದೂರುಗಳು. ಎಲೆ ಎಷ್ಟೇ ಉತ್ತಮವಾಗಿರಲಿ, ಅದರ ನಡುವೆ ಗಾಳಿ ಹರಿಯುವ ದಾರಿ ಕೆಟ್ಟಿದ್ದರೆ ಆ ಎಲೆಯ ಗುಣ ಬಾಯಿಗೆ ತಲುಪುವುದೇ ಇಲ್ಲ. ಆ ದಾರಿ ಕೆಟ್ಟಿರುವುದು ಸುತ್ತಿದವರ ಕೈಯಿಂದಲೋ, ಇಟ್ಟುಕೊಂಡ ನಮ್ಮ ಪೆಟ್ಟಿಗೆಯಿಂದಲೋ ಎಂಬುದನ್ನು ಬೇರ್ಪಡಿಸುವುದೇ ಈ ಬರಹದ ಕೆಲಸ.

ದೋಷ ಹುಡುಕುವ ಮೊದಲು ರಚನೆ ತಿಳಿದಿರಬೇಕು. ಸಿಗಾರಿನಲ್ಲಿ ಮೂರು ಭಾಗಗಳಿವೆ: ಒಳಗೆ ಮಡಿಚಿಟ್ಟ ಫಿಲ್ಲರ್ ಎಂಬ ಒಳಎಲೆಗಳು, ಅವನ್ನು ಹಿಡಿದು ಕಟ್ಟುವ ಬೈಂಡರ್ ಎಂಬ ಕಟ್ಟೆಲೆ, ಎಲ್ಲದರ ಮೇಲೆ ಓರೆಯಾಗಿ ಸುತ್ತಿ ಬರುವ ರ‍್ಯಾಪರ್ ಎಂಬ ಹೊರಎಲೆ. ಒಳಎಲೆಗಳು ಎಲ್ಲವೂ ಒಂದೇ ಬಗೆಯಲ್ಲಿ ಉರಿಯುವುದಿಲ್ಲ. ಗಿಡದ ಕೆಳಭಾಗದಿಂದ ಬರುವ ವೊಲಾಡೊ ಎಲೆ ಬೇಗ ಹೊತ್ತಿಕೊಂಡು ಉರಿಯನ್ನು ಉಳಿಸುತ್ತದೆ, ನಡುಭಾಗದ ಸೆಕೊ ಪರಿಮಳ ಕೊಡುತ್ತದೆ, ಹೆಚ್ಚು ಬಿಸಿಲುಂಡ ಮೇಲ್ಭಾಗದ ಲಿಗೆರೊ ದಪ್ಪವಾಗಿ ಎಣ್ಣೆಯಿಂದ ತುಂಬಿ ನಿಧಾನವಾಗಿ ಉರಿಯುತ್ತದೆ. ಆದ್ದರಿಂದಲೇ ಲಿಗೆರೊವನ್ನು ಸಿಗಾರಿನ ನಟ್ಟನಡುವೆ ಇಡಬೇಕೆಂಬುದು ಕ್ಯೂಬಾದ ಪಿನಾರ್ ದೆಲ್ ರಿಯೊದಿಂದ ನಿಕರಾಗುವಾದ ಎಸ್ತೆಲಿಯವರೆಗೆ ಎಲ್ಲ ಕಾರ್ಖಾನೆಗಳೂ ಪಾಲಿಸುವ ನಿಯಮ. ಅದು ಬದಿಗೆ ಸರಿದರೆ ಉರಿಯೂ ಒಂದು ಬದಿಗೆ ಹಿಂದೆ ಬೀಳುತ್ತದೆ.

ಒಳಎಲೆಗಳನ್ನು ಜೋಡಿಸುವ ಕ್ರಮದಲ್ಲೂ ಭೇದಗಳಿವೆ. ಪ್ರತಿ ಎಲೆಯನ್ನೂ ಸಣ್ಣ ಕೊಳವೆಯಂತೆ ಸುರುಳಿಮಾಡಿ ಸೇರಿಸುವ ಎಂತುಬಾದೊ ಕ್ರಮದಲ್ಲಿ ಗಾಳಿಗೆ ಅತ್ಯಂತ ಸ್ಪಷ್ಟವಾದ ದಾರಿಗಳು ಸಿಗುತ್ತವೆ, ಆದರೆ ಅದಕ್ಕೆ ಸಮಯ ಹೆಚ್ಚು. ಎಲೆಗಳನ್ನು ನಿರಿಗೆಯಂತೆ ಹಿಂದೆ ಮುಂದೆ ಮಡಿಚುವುದು ಇನ್ನೊಂದು ಕ್ರಮ. ಒಂದರ ಮೇಲೊಂದು ಇಟ್ಟು ಪುಸ್ತಕದ ಹಾಗೆ ಒಟ್ಟಿಗೆ ಮಡಿಚುವುದು ಎಲ್ಲಕ್ಕಿಂತ ಬೇಗ ಮುಗಿಯುವ ಕ್ರಮ, ಮತ್ತು ಮಡಿಕೆಗಳೆಲ್ಲ ಒಂದೇ ಬದಿಗೆ ಬಂದು ಸೇರುವುದರಿಂದ ತೊಂದರೆಗೆ ಹೆಚ್ಚು ಎಡೆಕೊಡುವ ಕ್ರಮವೂ ಹೌದು. ನಮ್ಮ ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹುಡಿ ಹೆಚ್ಚಾದರೆ ಬೀಡಿ ಎಳೆಯುವುದಿಲ್ಲ, ಕಡಿಮೆಯಾದರೆ ಒಂದೇ ದಮ್ಮಿಗೆ ಬೆಂಕಿ ಬೆರಳಿಗೆ ಬರುತ್ತದೆ ಎಂದು ಅವರ ಕೈಗೆ ಗೊತ್ತಿದೆ.

ಮೊದಲು ಪೆಟ್ಟಿಗೆಯನ್ನು ಪರೀಕ್ಷಿಸಿ

ಸುತ್ತಿದವರನ್ನು ದೂರುವ ಮೊದಲು ಸಿಗಾರುಗಳನ್ನು ಹದವಾದ ತೇವದಲ್ಲಿ ಕಾಪಾಡುವ ಪೆಟ್ಟಿಗೆಯಾದ ನಿಮ್ಮ ಹ್ಯೂಮಿಡಾರಿನ ತೇವಾಂಶವನ್ನು ಖಚಿತಪಡಿಸಿಕೊಳ್ಳಿ. ಸಿಗಾರುಗಳನ್ನು ಶೇ. 65ರಿಂದ 70ರ ಆರ್ದ್ರತೆಯಲ್ಲಿ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡುವುದು ರೂಢಿ. ಪೆಟ್ಟಿಗೆಯೊಳಗೆ ಆರ್ದ್ರತೆ ಅಳೆಯುವ ಹೈಗ್ರೊಮೀಟರ್ ತೋರಿಸುವ ಅಂಕಿಯನ್ನು ಹಾಗೆಯೇ ನಂಬಬಾರದು. ಒಂದು ಸಣ್ಣ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಅದು ಕರಗದೆ ಮುದ್ದೆಯಾಗುವಷ್ಟು ಮಾತ್ರ ನೀರು ಬೆರೆಸಿ, ಹೈಗ್ರೊಮೀಟರಿನ ಜೊತೆಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಬೇಕು. ಆಗ ಅದು ಶೇ. 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಉಪಕರಣ 5 ಅಂಶ ಕಡಿಮೆ ಹೇಳುತ್ತಿದೆ ಎಂದರ್ಥ, ಅಂದರೆ 69 ಎಂದು ನೀವು ನೆಮ್ಮದಿಯಿಂದಿದ್ದ ಪೆಟ್ಟಿಗೆ ವಾಸ್ತವದಲ್ಲಿ 74ರಲ್ಲಿದೆ.

ಇದು ಅಷ್ಟು ಮುಖ್ಯವಾಗುವುದಕ್ಕೆ ಕಾರಣವಿದೆ. ತಂಬಾಕಿನ ಎಲೆ ನೀರನ್ನು ಹೀರಿಕೊಂಡು ಊದಿಕೊಳ್ಳುತ್ತದೆ, ಊದಿದ ಎಲೆ ಮಡಿಕೆಗಳ ನಡುವಿನ ಸಂದುಗಳನ್ನು ಕಿರಿದಾಗಿಸುತ್ತದೆ. ಸಣ್ಣ ಕೊಳವೆಯಲ್ಲಿ ಗಾಳಿಗೆ ಉಂಟಾಗುವ ತಡೆ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ, ಎಂದರೆ ಸಂದಿನ ಅಗಲ ಅರ್ಧವಾದರೆ ತಡೆ ಹದಿನಾರು ಪಟ್ಟಾಗುತ್ತದೆ. ಸಿಗಾರಿನ ಸಂದುಗಳು ನೇರವಾದ ಕೊಳವೆಗಳಲ್ಲದಿದ್ದರೂ ತತ್ವ ಅದೇ. ಆದ್ದರಿಂದ ಕೆಲವೇ ಅಂಶಗಳ ತೇವ, ಸರಿಯಾಗಿ ಸುತ್ತಿದ ಸಿಗಾರನ್ನೂ ಮುಚ್ಚಿಹೋದಂತೆ ಮಾಡಬಲ್ಲದು. ಆಷಾಢದ ಮಂಗಳೂರಿನಲ್ಲಿ ಪೆಟ್ಟಿಗೆಯ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಸಾಕು, ಒಳಗಿನ ತೇವ ಏರುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳ ಬೆಂಗಳೂರಿನ ಒಣ ಮಧ್ಯಾಹ್ನಗಳಲ್ಲಿ ಅದೇ ಪೆಟ್ಟಿಗೆ ಎಲೆಯನ್ನು ಒಣಗಿಸುತ್ತದೆ. ಹಾಗಾಗಿ ನನ್ನ ಕಟ್ಟುನಿಟ್ಟಿನ ಕ್ರಮವೇನೆಂದರೆ, ಶಂಕೆಗೆ ಒಳಗಾದ ಸಿಗಾರುಗಳನ್ನು ಶೇ. 65ರಲ್ಲಿ ಮೂರು ವಾರ ಇಟ್ಟು ಮತ್ತೆ ನೋಡದೆ ಸುತ್ತಿನ ದೋಷ ಎಂಬ ಮಾತನ್ನು ಆಡಬಾರದು.

ಹೊತ್ತಿಸುವ ಮೊದಲಿನ ಪರೀಕ್ಷೆ

ಈ ಪರೀಕ್ಷೆಗೆ ಕಣ್ಣು, ಬೆರಳು, ತುಟಿ ಸಾಕು. ಹೊತ್ತಿಸುವ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಮಡಿಕೆಗಳು ಸಮನಾಗಿ ಹರಡಿವೆಯೇ, ಗಾಢ ಬಣ್ಣದ ಲಿಗೆರೊ ನಡುವೆ ಇದೆಯೇ, ಒಂದು ಬದಿಯಲ್ಲಿ ಪೊಳ್ಳು ಇದೆಯೇ ಎಂಬುದು ತಿಳಿಯುತ್ತದೆ. ಅನಂತರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆ ತುದಿಯಿಂದ ಬಾಯಿಗಿಡುವ ತಲೆಯವರೆಗೆ ಮೆಲ್ಲನೆ ಒತ್ತುತ್ತ ಬರಬೇಕು. ಉದ್ದಕ್ಕೂ ಒಂದೇ ರೀತಿಯಲ್ಲಿ ಬಳುಕಿ ಮತ್ತೆ ಮೊದಲಿನಂತಾದರೆ ಒಳ್ಳೆಯದು. ಒಂದು ಕಡೆ ಮರದ ತುಂಡಿನಂತೆ ಗಟ್ಟಿಯಾಗಿದ್ದರೆ ಅಲ್ಲಿ ಗಂಟು ಇರಬಹುದು, ಒಂದು ಕಡೆ ಬೆರಳು ಒಳಗಿಳಿದರೆ ಅಲ್ಲಿ ಎಲೆ ಕಡಿಮೆಯಾಗಿದೆ.

ಆಮೇಲೆ ತಲೆಯನ್ನು ಮುಚ್ಚಿರುವ ಎಲೆಯ ತುಂಡಾದ ಕ್ಯಾಪನ್ನು ಕತ್ತರಿಸಿ, ಹೊತ್ತಿಸದೆಯೇ ಒಂದು ದಮ್ಮು ಎಳೆದು ನೋಡಬೇಕು. ಕತ್ತರಿಸುವುದು ತಲೆಯ ದುಂಡು ಮುಗಿದು ಮೈ ನೇರವಾಗುವ ಗೆರೆಗಿಂತ ಮೇಲೆಯೇ, ಸುಮಾರು 2 ಮಿಲಿಮೀಟರಿನಷ್ಟು ಮಾತ್ರ. ಅದಕ್ಕಿಂತ ಕೆಳಗೆ ಕತ್ತರಿಸಿ ಹೊರಎಲೆ ಬಿಚ್ಚಿಕೊಂಡರೆ ಅದು ಕತ್ತರಿಸಿದವರ ತಪ್ಪು. ಹೊತ್ತಿಸದ ಈ ಎಳೆತದಲ್ಲಿ ತುಸು ತಡೆ ಇರಬೇಕು, ಆದರೆ ಕೆನ್ನೆ ಒಳಗೆ ಹೋಗಬಾರದು. ಎಳನೀರು ಕುಡಿಯುವಾಗ ಕೊಳವೆಗೆ ಗಂಜಿ ಸಿಕ್ಕಿಕೊಂಡರೆ ಹೇಗೆ ಎಳೆಯಬೇಕಾಗುತ್ತದೋ ಹಾಗೆ ಎಳೆಯಬೇಕಾಗಿ ಬಂದರೆ ಹೊತ್ತಿಸಬೇಡಿ. ಹೊತ್ತಿಸಿದ ಮೇಲೆ ಪರಿಸ್ಥಿತಿ ಹೆಚ್ಚಾಗಿ ಇನ್ನೂ ಕೆಡುತ್ತದೆ, ಏಕೆಂದರೆ ಉರಿಯಿಂದ ಹುಟ್ಟುವ ಆವಿ ಮತ್ತು ಟಾರ್ ತಲೆಯ ಕಡೆಗೆ ಬಂದು ಅದೇ ಕಿರಿದಾದ ಸಂದುಗಳಲ್ಲಿ ತಂಗುತ್ತವೆ.

ಬಿಗಿ ಎಳೆತ

ಎಲ್ಲ ದೋಷಗಳಲ್ಲಿ ಇದೇ ಅತಿ ಸಾಮಾನ್ಯವಾದದ್ದು, ಮತ್ತು ಅನುಭವವನ್ನು ಪೂರ್ತಿ ಹಾಳುಮಾಡುವಂಥದ್ದು. ಗಾಳಿ ಸಾಲದಿದ್ದಾಗ ಕೆಂಡ ತಣ್ಣಗಾಗುತ್ತದೆ, ಎಲೆ ಅರೆಬರೆ ಬೇಯುತ್ತದೆ, ಹೊಗೆ ತೆಳುವಾಗುತ್ತದೆ. ಮತ್ತೆ ಮತ್ತೆ ಹೊತ್ತಿಸಬೇಕಾಗುತ್ತದೆ, ಪ್ರತಿ ಸಲ ಹೊತ್ತಿಸಿದಾಗಲೂ ಸುಟ್ಟ ಬೂದಿಯ ಕಹಿ ಮುಂದಿನ ನಾಲ್ಕೈದು ದಮ್ಮುಗಳವರೆಗೆ ಉಳಿಯುತ್ತದೆ. ಎಳೆಯುವವರು ಬಲ ಹಾಕತೊಡಗುತ್ತಾರೆ. ಸಿಗಾರಿನ ಹೊಗೆಯನ್ನು ಬಾಯಲ್ಲಿ ಮಾತ್ರ ಹಿಡಿಯಬೇಕೆಂಬ ಅಭ್ಯಾಸ ತಪ್ಪಿ ಅದು ಶ್ವಾಸಕೋಶಕ್ಕೂ ಇಳಿದು ತಲೆ ಸುತ್ತುವುದು, ವಾಕರಿಕೆ ಬರುವುದು ಇಂಥ ಹೊತ್ತಿನಲ್ಲೇ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಸರಿಯಾಗಿ ಸುತ್ತಿದ ಸಿಗಾರು ಕೂಡ ಬಾಯಿ, ಗಂಟಲು ಮತ್ತು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಲ್ಲದು, ಹೊಗೆ ನುಂಗದಿದ್ದರೂ ಆ ಅಪಾಯ ತಪ್ಪುವುದಿಲ್ಲ. ಮುಚ್ಚಿಹೋದ ಸಿಗಾರನ್ನು ಬಲವಂತವಾಗಿ ಎಳೆಯುವುದು ಆ ಹಾನಿಯ ಜೊತೆಗೆ ಮತ್ತೊಂದನ್ನು ಸೇರಿಸಿದಂತೆ.

ಬಿಗಿ ಎಳೆತದ ಕಾರಣಗಳು ಮುಖ್ಯವಾಗಿ ಮೂರು. ಎಲೆ ಒಟ್ಟಾರೆ ಹೆಚ್ಚು ತುಂಬಿರುವುದು ಒಂದು. ಆಗ ಸಿಗಾರು ಉದ್ದಕ್ಕೂ ಗಟ್ಟಿಯಾಗಿರುತ್ತದೆ. ಸುತ್ತುವಾಗ ಒಳಎಲೆಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುವುದು ಇನ್ನೊಂದು. ಆಗ ಒಂದೇ ಜಾಗದಲ್ಲಿ ಗಂಟು ಸಿಗುತ್ತದೆ, ಅದು ಸಾಮಾನ್ಯವಾಗಿ ತಲೆಯ ಹತ್ತಿರದ ಮೂರನೆಯ ಒಂದು ಭಾಗದಲ್ಲಿರುತ್ತದೆ, ಏಕೆಂದರೆ ತಲೆಯನ್ನು ಕಿರಿದುಮಾಡುವಾಗ ಕೈ ಬಿಗಿಯುತ್ತದೆ. ಎಲೆಯ ನಡುನರವನ್ನು ಸರಿಯಾಗಿ ತೆಗೆಯದೆ ಅದರ ತುಂಡು ಅಡ್ಡವಾಗಿ ಉಳಿದಿರುವುದು ಮೂರನೆಯದು. ತೆಳ್ಳಗಿನ ಸಿಗಾರುಗಳಲ್ಲಿ ಈ ತಪ್ಪುಗಳಿಗೆ ಕ್ಷಮೆಯಿಲ್ಲ. ಸಿಗಾರಿನ ದಪ್ಪವನ್ನು ರಿಂಗ್ ಗೇಜಿನಲ್ಲಿ ಅಳೆಯುತ್ತಾರೆ, ಒಂದು ಗೇಜ್ ಎಂದರೆ ಇಂಚಿನ 64ನೆಯ ಒಂದು ಭಾಗ. 50 ಗೇಜಿನ ರೊಬುಸ್ಟೊ ಸುಮಾರು 19.8 ಮಿಲಿಮೀಟರ್ ದಪ್ಪವಿದ್ದರೆ 38 ಗೇಜಿನ ಲ್ಯಾನ್ಸೆರೊ ಸುಮಾರು 15 ಮಿಲಿಮೀಟರ್ ಮಾತ್ರ. ರೊಬುಸ್ಟೊದಲ್ಲಿ ಒಂದು ಗಂಟನ್ನು ಬಳಸಿಕೊಂಡು ಹೋಗಲು ಗಾಳಿಗೆ ಪಕ್ಕದಲ್ಲಿ ಜಾಗವಿರುತ್ತದೆ, ಲ್ಯಾನ್ಸೆರೊದಲ್ಲಿ ಅದೇ ಗಂಟು ದಾರಿಯನ್ನೇ ಮುಚ್ಚುತ್ತದೆ.

1990ರ ದಶಕದ ಉತ್ತರಾರ್ಧದಲ್ಲಿ ಸಿಗಾರಿನ ಬೇಡಿಕೆ ಏಕಾಏಕಿ ಏರಿದಾಗ, ಕ್ಯೂಬಾದಲ್ಲಿಯೂ ಡೊಮಿನಿಕನ್ ಗಣರಾಜ್ಯದಲ್ಲಿಯೂ ಸಾಕಷ್ಟು ಪಳಗದ ಕೈಗಳು ಸುತ್ತುವ ಮೇಜಿಗೆ ಬಂದವು, ಮುಚ್ಚಿಹೋದ ಸಿಗಾರುಗಳ ದೂರು ವ್ಯಾಪಕವಾಯಿತು. ಅದರ ಪರಿಣಾಮವಾಗಿ 2000ರ ದಶಕದ ಆರಂಭದಲ್ಲಿ ಕ್ಯೂಬಾದ ಕಾರ್ಖಾನೆಗಳು ಎಳೆತ ಅಳೆಯುವ ಯಂತ್ರಗಳನ್ನು ತಂದವು. ಆ ಯಂತ್ರದ ವಿವೇಕ ಇರುವುದು ಅದನ್ನು ಬಳಸುವ ಹಂತದಲ್ಲಿ. ಕಟ್ಟೆಲೆ ಸುತ್ತಿದ ಕಟ್ಟು ಅಚ್ಚಿನಲ್ಲಿ ಒತ್ತಿ ಹೊರಬಂದ ಮೇಲೆ, ಹೊರಎಲೆ ಸುತ್ತುವ ಮೊದಲೇ, ಅದರ ಮೂಲಕ ಗಾಳಿ ಹಾಯಿಸಿ ನೋಡುತ್ತಾರೆ. ಆಗ ಸಿಕ್ಕಿದ ತಪ್ಪನ್ನು ಬಿಚ್ಚಿ ತಿದ್ದಬಹುದು, ದುಬಾರಿಯಾದ ಹೊರಎಲೆಯೂ ವ್ಯರ್ಥವಾಗುವುದಿಲ್ಲ. ಸಿದ್ಧವಾದ ಸಿಗಾರುಗಳನ್ನು 50ರ ಕಟ್ಟುಗಳಾಗಿ ತೂಗುವುದೂ ಹಳೆಯ ಪದ್ಧತಿ. ಆದರೆ 50ರ ತೂಕ ಸರಿಬಂದಾಗ ಅದರೊಳಗೆ ಒಂದು ಭಾರವಾದದ್ದೂ ಒಂದು ಹಗುರವಾದದ್ದೂ ಅಡಗಿರಬಹುದು.

ತೂಕದ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಬಹುದು, ಅದರ ಬಗ್ಗೆ ನನ್ನದೇ ಒಂದು ಪ್ರಸಂಗವನ್ನು ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ನಾನು ಕೊಂಡ 25ರ ಪೆಟ್ಟಿಗೆಯ ರೊಬುಸ್ಟೊಗಳಲ್ಲಿ ಮೊದಲ ಮೂರೂ ಎಳೆಯಲೇ ಇಲ್ಲ. ತಯಾರಕರಿಗೆ ಕಟುವಾದ ಪತ್ರವೊಂದನ್ನು ಬರೆದು ಮುಗಿಸಿದ್ದೆ, ಕಳುಹಿಸಿರಲಿಲ್ಲ. ಉಪ್ಪಿನ ಪರೀಕ್ಷೆ ಮಾಡಿದಾಗ ನನ್ನ ಹೈಗ್ರೊಮೀಟರ್ 5 ಅಂಶ ಕಡಿಮೆ ತೋರಿಸುತ್ತಿದ್ದುದು ತಿಳಿಯಿತು. ಉಳಿದ 22ನ್ನು ಶೇ. 65ರಲ್ಲಿ ಮೂರು ವಾರ ಇಟ್ಟೆ, ಬಳಿಕ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆ. 18 ಸಿಗಾರುಗಳು 13ರಿಂದ 14 ಗ್ರಾಂ ಒಳಗಿದ್ದವು, ನಾಲ್ಕು ಮಾತ್ರ 15 ಗ್ರಾಂ ದಾಟಿದ್ದವು. ಆ ಹದಿನೆಂಟರಲ್ಲಿ ಮುಂದಿನ ತಿಂಗಳುಗಳಲ್ಲಿ ಸೇದಿದ ಯಾವುದೂ ತೊಂದರೆ ಕೊಡಲಿಲ್ಲ. ಭಾರವಾದ ನಾಲ್ಕರಲ್ಲಿ ಎರಡನ್ನು ಹೊತ್ತಿಸಿದೆ, ಎರಡೂ ಬಿಗಿಯಾಗಿದ್ದವು. ಮೂರನೆಯದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ, ಕ್ಯಾಪಿನಿಂದ ಎರಡು ಬೆರಳಗಲ ಕೆಳಗೆ ಮೂರು ಎಲೆಗಳು ಹಗ್ಗದಂತೆ ಹೊಸೆದುಕೊಂಡಿದ್ದವು. ಹೀಗೆ ನಿಜವಾದ ದೋಷ ನಾಲ್ಕರಲ್ಲಿತ್ತು, ಉಳಿದುದಕ್ಕೆ ನನ್ನ ಪೆಟ್ಟಿಗೆಯೇ ಕಾರಣವಾಗಿತ್ತು. ಪತ್ರವನ್ನು ಹರಿದು ಹೊಸದಾಗಿ ಬರೆದೆ.

ಒಂದೇ ತೇವಾಂಶದಲ್ಲಿ ಸಾಕಷ್ಟು ದಿನ ಇದ್ದ, ಒಂದೇ ಪೆಟ್ಟಿಗೆಯ, ಒಂದೇ ಅಳತೆಯ ಸಿಗಾರುಗಳನ್ನು ಹೋಲಿಸಿದಾಗ ಮಾತ್ರ ತೂಕಕ್ಕೆ ಅರ್ಥವಿದೆ, ಮತ್ತು ಅದು ಶಂಕೆಯನ್ನಷ್ಟೇ ಕೊಡುತ್ತದೆ, ತೀರ್ಪನ್ನು ಎಳೆತವೇ ಕೊಡಬೇಕು. ಗಂಟು ಖಚಿತವಾದರೆ ಸಣ್ಣ ಮುಳ್ಳುಗಳಿರುವ ಉದ್ದನೆಯ ಉಕ್ಕಿನ ಸೂಜಿಯನ್ನು ತಲೆಯ ಕಡೆಯಿಂದ, ನಟ್ಟನಡುವೆ, ಮೆಲ್ಲನೆ ತಿರುಗಿಸುತ್ತ ಇಳಿಸಿ, ಸ್ವಲ್ಪ ಸ್ವಲ್ಪ ಎಲೆಯನ್ನು ಹೊರತೆಗೆಯಬಹುದು. ಇನ್ನೊಂದು ಕೈಯ ಬೆರಳುಗಳು ಸಿಗಾರಿನ ಮೈಯನ್ನು ಸುತ್ತ ಹಿಡಿದಿರಬೇಕು, ಇಲ್ಲವಾದರೆ ಹೊರಎಲೆ ಸಿಡಿಯುತ್ತದೆ. ಅವಸರದಲ್ಲಿ ಒಂದೇ ಸಲ ಚುಚ್ಚಿ ದೊಡ್ಡ ತೂತು ಮಾಡಿದರೆ ಗಾಳಿಯೆಲ್ಲ ಆ ತೂತಿನಲ್ಲೇ ಹರಿದು ನಡುಭಾಗ ಮಾತ್ರ ಉರಿಯತೊಡಗುತ್ತದೆ.

ಸಡಿಲ ಎಳೆತ

ಎಳೆತ ಸುಲಭವಾಗಿದ್ದರೆ ಒಳ್ಳೆಯದೆಂದು ಹೊಸಬರು ಭಾವಿಸುತ್ತಾರೆ. ತಡೆಯೇ ಇಲ್ಲದ ಸಿಗಾರಿನಲ್ಲಿ ಗಾಳಿ ಮಿತಿಮೀರಿ ಹರಿದು ಕೆಂಡ ಬಿಸಿಯಾಗುತ್ತದೆ, ಪರಿಮಳ ಕೊಡಬೇಕಾದ ಎಣ್ಣೆಗಳು ಬಾಯಿಗೆ ಬರುವ ಮೊದಲೇ ಸುಟ್ಟುಹೋಗುತ್ತವೆ, ಮುಕ್ಕಾಲು ಗಂಟೆಗಿಂತ ಹೆಚ್ಚು ಬರಬೇಕಾದ ರೊಬುಸ್ಟೊ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಕೆಲವು ದಮ್ಮುಗಳಲ್ಲಿ ಧಾರಾಳವಾದ ಹೊಗೆ, ಅನಂತರ ಮೆಣಸಿನಂಥ ಖಾರ, ಕೊನೆಗೆ ಬರಿಯ ಬಿಸಿ, ಇದು ಅದರ ಲಕ್ಷಣ. ಬೂದಿಯೂ ಸಾಕ್ಷಿ ಹೇಳುತ್ತದೆ: ಉದ್ದ ಎಲೆಗಳಿಂದ ಸಮನಾಗಿ ತುಂಬಿದ ಸಿಗಾರಿನ ಬೂದಿ ಎರಡೂವರೆ ಸೆಂಟಿಮೀಟರಿನವರೆಗೂ ಗಟ್ಟಿಯಾಗಿ ನಿಲ್ಲುತ್ತದೆ, ಪೊಳ್ಳಾದದ್ದರ ಬೂದಿ ಪದರ ಪದರವಾಗಿ ಉದುರುತ್ತದೆ. ಬೂದಿಯ ಬಣ್ಣವನ್ನು ಮಾತ್ರ ಸುತ್ತಿನ ಲೆಕ್ಕಕ್ಕೆ ಸೇರಿಸಬಾರದು. ಅದು ಮಣ್ಣಿನಲ್ಲಿನ ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಮುಂತಾದ ಖನಿಜಗಳಿಗೆ ಸಂಬಂಧಿಸಿದ್ದು.

ತೀರ್ಮಾನಕ್ಕೆ ಬರುವ ಮೊದಲು ಹೊರಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂತಹ ದುಂಡನೆಯ ತೂತುಗಳಿವೆಯೇ ನೋಡಿ. ಇದ್ದರೆ ಅದು ತಂಬಾಕಿನ ದುಂಬಿಯ ಕೆಲಸ, ಸುತ್ತಿನ ದೋಷವಲ್ಲ. ಸೆಕೆ ಏರಿದಾಗ ಎಲೆಯಲ್ಲಿನ ಮೊಟ್ಟೆಗಳು ಒಡೆಯುತ್ತವೆ. ಅಂಥ ಸಿಗಾರುಗಳನ್ನು ಕೂಡಲೇ ಬೇರ್ಪಡಿಸಿ, ಉಳಿದುದನ್ನು ಗಾಳಿಯಾಡದ ಚೀಲದಲ್ಲಿ ಡೀಪ್ ಫ್ರೀಜರಿನಲ್ಲಿ ಕೆಲವು ದಿನ ಇಟ್ಟು, ಅನಂತರ ಫ್ರಿಜ್ಜಿಗೆ, ಅಲ್ಲಿಂದ ಹೊರಗೆ ಹೀಗೆ ಹಂತಹಂತವಾಗಿ ತರಬೇಕು. ಪೊಳ್ಳು ಸಿಗಾರಿಗೆ ಪರಿಹಾರವೆಂದು ಹೇಳಬಹುದಾದದ್ದು ಕಡಿಮೆ: ಚಿಕ್ಕ ರಂಧ್ರ ಮಾತ್ರ ಕೊರೆದು, ದಮ್ಮುಗಳ ನಡುವಿನ ಅಂತರವನ್ನು ಹೆಚ್ಚಿಸಿ.

ಓರೆ ಉರಿ ಮತ್ತು ಸುರಂಗ

ಒಂದು ಬದಿ ಉರಿದು ಮುಂದೆ ಹೋಗಿ ಇನ್ನೊಂದು ಬದಿ ದೋಣಿಯ ಅಂಚಿನಂತೆ ಉಳಿದುಕೊಂಡರೆ ಅದು ಓರೆ ಉರಿ. ಗಾಳಿ ಬೀಸುವ ಕಡೆ ಕುಳಿತದ್ದು, ಹೊತ್ತಿಸುವಾಗ ಒಂದು ಬದಿ ಬಿಟ್ಟುಹೋದದ್ದು ಸಹ ಕಾರಣವಾಗಬಹುದು, ಹಾಗಾಗಿ ಇದಕ್ಕೊಂದು ಸರಳ ಪರೀಕ್ಷೆ ಬೇಕು. ಸಿಗಾರಿಗೆ ಸುತ್ತಿರುವ ಕಾಗದದ ಪಟ್ಟಿಯ ಮೇಲಿನ ಚಿತ್ರವನ್ನು ಗುರುತಾಗಿ ಇಟ್ಟುಕೊಳ್ಳಿ. ಹಿಂದೆ ಬಿದ್ದ ಬದಿಗೆ ಬೆಂಕಿ ತಾಗಿಸಿ ಸಮಮಾಡಿ, ಗಾಳಿಯಿಲ್ಲದ ಜಾಗಕ್ಕೆ ಬಂದು, ಸಿಗಾರನ್ನು ಅರ್ಧ ಸುತ್ತು ತಿರುಗಿಸಿ ಹಿಡಿಯಿರಿ. ಮತ್ತೆ ಅದೇ ಗುರುತಿನ ಬದಿಯೇ ಹಿಂದೆ ಬಿದ್ದರೆ ದೋಷ ಒಳಗಿದೆ: ಲಿಗೆರೊ ಆ ಕಡೆ ಸರಿದಿದೆ, ಅಥವಾ ಮಡಿಕೆಗಳೆಲ್ಲ ಆ ಕಡೆ ಸೇರಿವೆ. ಎರಡನೆಯ ಸಲ ಬೇರೆ ಬದಿ ಹಿಂದೆ ಬಿದ್ದರೆ, ಅಥವಾ ಯಾವುದೂ ಬೀಳದಿದ್ದರೆ, ಸುತ್ತಿದವರ ಮೇಲೆ ತಪ್ಪು ಹೊರಿಸಲು ಆಧಾರವಿಲ್ಲ. ಕೆಂಡ ನಡುವೆ ಒಂದು ಸೆಂಟಿಮೀಟರಿನಷ್ಟು ಶಂಕುವಿನಾಕಾರದಲ್ಲಿ ಬೂದಿಯ ಕಡೆಗೆ ಚಾಚಿರುವುದು ದೋಷವೇ ಅಲ್ಲ. ಲಿಗೆರೊ ತನ್ನ ಜಾಗದಲ್ಲಿದೆ ಎಂಬುದಕ್ಕೆ ಅದು ಒಳ್ಳೆಯ ಗುರುತು.

ಸುರಂಗದಲ್ಲಿ ಇದರ ವಿರುದ್ಧ ನಡೆಯುತ್ತದೆ. ಒಳಗಿನ ಎಲೆ ಉರಿದುಹೋಗಿ ಹೊರಎಲೆ ಕೊಳವೆಯಂತೆ ಉಳಿಯುತ್ತದೆ, ಮೇಲಿಂದ ನೋಡುವವರಿಗೆ ಸಿಗಾರು ಆರಿದಂತೆ ಕಾಣುತ್ತದೆ, ಆದರೆ ಬೆರಳಿಗೆ ಬಿಸಿ ತಾಗುತ್ತದೆ. ಹೊರಎಲೆಯ ಪರಿಮಳ ಸಂಪೂರ್ಣ ತಪ್ಪಿಹೋಗುವುದರಿಂದ ಪರಿಚಿತ ಸಿಗಾರು ಅಪರಿಚಿತವಾಗುತ್ತದೆ. ದಪ್ಪನೆಯ, ಎಣ್ಣೆ ತುಂಬಿದ ಹೊರಎಲೆ ತೇವವನ್ನೂ ಹೀರಿಕೊಂಡಿದ್ದರೆ ಹೀಗಾಗುವುದು ಸಹಜ, ಆದ್ದರಿಂದ ಇಲ್ಲಿಯೂ ಮೊದಲ ಶಂಕೆ ಪೆಟ್ಟಿಗೆಯ ಮೇಲೆ. ಒಣಗಿಸಿದ ಮೇಲೂ ಅದೇ ಪೆಟ್ಟಿಗೆಯ ಹಲವು ಸಿಗಾರುಗಳಲ್ಲಿ ಸುರಂಗ ಬಿದ್ದರೆ, ನಡುವೆ ಎಲೆ ಕಡಿಮೆಯಾಗಿದೆ ಅಥವಾ ಕಟ್ಟೆಲೆ ಸರಿಯಾಗಿ ಉರಿಯದಂಥದ್ದು ಎಂದು ತಿಳಿಯಬಹುದು. ಬೂದಿಯನ್ನು ಕೊಡವಿ, ಮೇಲೆ ನಿಂತ ಅಂಚನ್ನು ಮಾತ್ರ ಸುಟ್ಟು ಮುಂದುವರಿಸುವುದು ತಾತ್ಕಾಲಿಕ ಉಪಾಯ.

ಹೊರಎಲೆಯ ಬಿರುಕುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸುತ್ತಿನ ಗೆರೆಯ ಗುಂಟ ಅಂಚು ಬಿಟ್ಟುಕೊಂಡರೆ ಅಂಟು ಸಾಲದು ಅಥವಾ ಎಲೆಯನ್ನು ಸಡಿಲವಾಗಿ ಸುತ್ತಲಾಗಿದೆ. ಗೆರೆಯನ್ನು ಅಡ್ಡಹಾಯ್ದು ಎಲೆ ಸೀಳಿದರೆ ಅದು ಹೆಚ್ಚಾಗಿ ಒಣಗಿದ್ದರಿಂದ, ಅಥವಾ ತೇವದ ಪೆಟ್ಟಿಗೆಯಿಂದ ತೆಗೆದು ಏಸಿ ಕೋಣೆಯಲ್ಲಿ ಇಟ್ಟಾಗ ಹೊರಎಲೆ ಮೊದಲು ಕುಗ್ಗಿ ಒಳಗಿನದು ಊದಿಕೊಂಡೇ ಉಳಿದಿದ್ದರಿಂದ. ಮೊದಲನೆಯದಕ್ಕೆ ಕಾರ್ಖಾನೆಗಳು ಬಳಸುವಂಥ ಸಸ್ಯಜನ್ಯ ಅಂಟಿನ ಒಂದು ಹನಿ ಸಾಕು.

ದೂರು ಬರೆಯುವಾಗ

ಒಂದು ಸಿಗಾರಿನ ಆಧಾರದ ಮೇಲೆ ದೂರು ಬರೆಯಬೇಡಿ. ಕೈಯಿಂದ ಮಾಡುವ ವಸ್ತುವಿನಲ್ಲಿ ಪೆಟ್ಟಿಗೆಗೆ ಒಂದು ಕೆಟ್ಟರೆ ಅದನ್ನು ಸಹಿಸಬೇಕೆಂದು ನಾನು ನಂಬುತ್ತೇನೆ, ನಾಲ್ಕು ಕೆಟ್ಟರೆ ಸಹಿಸಬೇಕಾಗಿಲ್ಲ. ಎಷ್ಟರಲ್ಲಿ ಎಷ್ಟು ಕೆಟ್ಟಿವೆ, ಯಾವ ಆರ್ದ್ರತೆಯಲ್ಲಿ ಎಷ್ಟು ದಿನ ಇಟ್ಟಿದ್ದಿರಿ, ಹೊತ್ತಿಸುವ ಮೊದಲಿನ ಎಳೆತ ಹೇಗಿತ್ತು, ಗಂಟು ತಲೆಯಿಂದ ಎಷ್ಟು ದೂರದಲ್ಲಿತ್ತು ಎಂಬುದನ್ನು ಬರೆದು, ಸೀಳಿದ ಸಿಗಾರಿನ ಚಿತ್ರ ಮತ್ತು ಪೆಟ್ಟಿಗೆಯ ತಳದಲ್ಲಿರುವ ತಯಾರಿಕೆಯ ಗುರುತಿನ ಚಿತ್ರವನ್ನು ಸೇರಿಸಿ. ಆ ಗುರುತಿನ ಸಹಾಯದಿಂದ ತಪ್ಪು ಯಾವ ಕಾಲದ ತಯಾರಿಕೆಯಲ್ಲಿ ನಡೆಯಿತೆಂದು ಕಾರ್ಖಾನೆಯವರು ಹುಡುಕಬಹುದು, ಸುತ್ತಿದವರಿಗೂ ತಿದ್ದಿಕೊಳ್ಳಲು ಅವಕಾಶವಾಗುತ್ತದೆ. ನನ್ನ ಎರಡನೆಯ ಪತ್ರದಲ್ಲಿ ಮೊದಲ ಮೂರು ಸಿಗಾರುಗಳನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ, ಅವು ನನ್ನ ತಪ್ಪಿನಿಂದ ಕೆಟ್ಟವೆಂದೇ ಬರೆದಿದ್ದೆ. ಅಂಗಡಿಯವರು ನಾಲ್ಕನ್ನು ಬದಲಿಸಿ ಕೊಟ್ಟರು. ಭಾರವಾಗಿದ್ದ ನಾಲ್ಕನೆಯ ಸಿಗಾರಿನ ಗಂಟನ್ನು ಸೂಜಿಯಿಂದ ಬಿಡಿಸಿ ಹೊತ್ತಿಸಿದೆ. ಗಾಳಿ ಸರಾಗವಾದ ಮೇಲೆ ಅದರ ರುಚಿ ಪೆಟ್ಟಿಗೆಯ ಉಳಿದವುಗಳಂತೆಯೇ ಇತ್ತು.